ಜಗದಾಂಬನ ಅರಿಶಿಣ

"ಈ ಪುಡಿ ಎಷ್ಟು ದಿನದ್ದಮ್ಮ?" ಎಂದು ಸಹನಾ ಕೇಳಿದಳು.

"ಎರಡು ವರ್ಸ ಆತು ಕಣವ್ವ. ಮಗು ಹೋದ ಮೂರನೇ ದಿನ ತಂದಿದ್ದು," ಎಂದಳು ಸರಸಮ್ಮ.

ತಿನ್ನುವ ಪದಾರ್ಥಕ್ಕೆ ಬೆರೆಸಿದ ಬಣ್ಣವನ್ನು ಹಿಡಿದುಕೊಡುವ ಪುಟ್ಟ ಯಂತ್ರವನ್ನು ತೋರಿಸಲು ಸಹನಾ ತುಮಕೂರಿನಿಂದ ಶಿರಾದ ಕಾಲೇಜಿಗೆ ಬಂದಿದ್ದಳು. ಸುದ್ದಿ ಕೇಳಿ ಸರಸಮ್ಮ ಮದಲೂರಿನಿಂದ ಮೊದಲ ಬಸ್ಸಿಗೇ ಹೊರಟಿದ್ದಳು.

ಅವಳ ತಂಗಿ ಜಗದಾಂಬ ಕೊರಟಗೆರೆಯಲ್ಲಿ ಲಾಡು ಮಾಡಿ ಮಾರುತ್ತಿದ್ದಳು. ಸರಸಮ್ಮನ ಆರು ವರ್ಷದ ಮಗಳು ಭವ್ಯ ಬೇಸಿಗೆ ರಜಕ್ಕೆ ಅಲ್ಲಿಗೆ ಹೋಗಿ, ಕಾಮಾಲೆ ಹತ್ತಿಸಿಕೊಂಡು ಬಂದು ಹದಿನೈದೇ ದಿನಕ್ಕೆ ತೀರಿಕೊಂಡಳು. ಲಾಡಿನ ಬಣ್ಣವೇ ಲಿವರ್ ಕೆಡಿಸಿದ್ದು ಎಂದು ಆಸ್ಪತ್ರೆಯಲ್ಲಿ ಯಾರೋ ಅಂದಿದ್ದರು. ಸರಸಮ್ಮ ತಂಗಿಯ ಅಂಗಡಿ ಮುಂದೆ ನಿಂತು, ಬೀದಿಯ ಜನವೆಲ್ಲ ಸೇರುವಂತೆ, ನನ್ನ ಮಗಳಿಗೆ ವಿಷ ಇಕ್ಕಿದಳು ಎಂದು ಎದೆ ಬಡಿದುಕೊಂಡಳು. ಬರೀ ಅರಿಶಿಣ ಕಣಕ್ಕ ಎಂದು ತಂಗಿ ಕಾಲು ಹಿಡಿದರೂ ಕೇಳದೆ, ಡಬ್ಬಿಯಲ್ಲಿದ್ದ ಹಳದಿ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದಳು.

ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಬಳಿದ ಪಟ್ಟಿಯ ಮೇಲೆ ಸಹನಾ ಪುಡಿ ಕರಗಿಸಿದ ಒಂದು ಹನಿ ಬಿಟ್ಟಳು. ಮೊದಲು ತಿಂಡಿಗೆ ಕದ್ದು ಬೆರೆಸುವ ಹಳದಿ ಬಣ್ಣ ಹಾಕಿ ತೋರಿಸಿದಾಗ ಕಂಪ್ಯೂಟರಿನ ಗೆರೆ ಗುಡ್ಡದಂತೆ ಎದ್ದಿತ್ತು. ಈಗ ಅದೇ ಜಾಗದಲ್ಲಿ ಗೆರೆ ಮಲಗೇ ಇತ್ತು. ಮೂರು ಸಲ ನೋಡಿದಳು.

"ಬಣ್ಣ ಇಲ್ಲಮ್ಮ. ಅರಿಶಿಣಾನೇ."

"ಹಳೇದಾಗಿ ಹೊಂಟೋಗಿರಬೌದಲ್ವಾ?"

"ಇದ್ದಿದ್ರೆ ಇಷ್ಟು ಬೇಗ ಹೋಗೋ ಬಣ್ಣ ಅಲ್ಲ ಅದು."

"ಅಂಗಾರೆ ನನ್ ಮಗೀಗೆ ಏನಾಗಿತ್ತವ್ವ?"

ಸಹನಾ ಪಟ್ಟಿಯನ್ನು ಯಂತ್ರದಿಂದ ಹೊರತೆಗೆದಳು. "ಅದನ್ನ ಇದು ಹೇಳಲ್ಲಮ್ಮ."

ಎರಡು ವರ್ಷ ತಂಗಿಯ ಮೇಲಿನ ಸಿಟ್ಟನ್ನೇ ಕೋಲಿನಂತೆ ಊರಿಕೊಂಡು ಸರಸಮ್ಮ ಎದ್ದು ಓಡಾಡಿದ್ದಳು. ಈಗ ಕಾಲೇಜಿನ ಮೆಟ್ಟಿಲಿಳಿಯಲು ಕಂಬ ಹಿಡಿಯಬೇಕಾಯಿತು. ಊರಿನ ಬಸ್ಸು ಹತ್ತದೆ ಮಧುಗಿರಿಗೆ ಹೋಗಿ, ಅಲ್ಲಿಂದ ಕೊರಟಗೆರೆಗೆ ಬಂದಳು.

ತಂಗಿಯ ಅಂಗಡಿಯ ಮೇಲೆ ಈಗ ಮೊಬೈಲ್ ರಿಪೇರಿಯ ಬೋರ್ಡು ಇತ್ತು. ಆ ದಿನದ ನಂತರ ಜಗದಾಂಬನ ಲಾಡನ್ನು ಯಾರೂ ಮುಟ್ಟಿರಲಿಲ್ಲ. ಮನೆಯ ಹಿತ್ತಲಲ್ಲಿ ಅವಳು ಕೂಲಿಗೆ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು.

"ಅರಿಶಿಣಾನೇ ಕಣೆ ಅದು," ಎಂದಳು ಸರಸಮ್ಮ, ನಿಂತುಕೊಂಡೇ.

ಜಗದಾಂಬ ತಲೆಯೆತ್ತಲಿಲ್ಲ. "ನಂಗೊತ್ತಿತ್ತಲ್ಲಕ್ಕ."

ಇನ್ನೆರಡು ಹಣ್ಣು ಜಜ್ಜಿದ ಮೇಲೆ ಕೇಳಿದಳು: "ಹೋಗೋವಾಗ ಮಗು ನನ್ನ ಕೇಳಿದ್ಲಾ?"

"ಕೇಳಿದ್ಲು. ಚಿಕ್ಕವ್ವ ಬರಲ್ವಾ ಅಂದ್ಲು. ನಾನೇ ಹೇಳ್ಕಳಿಸ್ಲಿಲ್ಲ."

ಜಗದಾಂಬನ ಕೈಯ ಕಲ್ಲು ನಿಂತಿತು. ಸರಸಮ್ಮ ರಾಶಿಯ ಆಚೆ ಬದಿಗೆ ಕೂತು, ಒಂದು ಹಣ್ಣೆತ್ತಿಕೊಂಡು ಬೀಜ ಬಿಡಿಸತೊಡಗಿದಳು. ತಂಗಿ ಬೇಡವೆನ್ನಲಿಲ್ಲ. ಬೀಜ ಹಾಕುವ ಮೊರವನ್ನು ಇತ್ತ ಸರಿಸಲೂ ಇಲ್ಲ. ಸರಸಮ್ಮ ಬೀಜಗಳನ್ನು ಒಂದೊಂದಾಗಿ ತನ್ನ ಮಡಿಲಿಗೇ ಹಾಕಿಕೊಂಡಳು.