ನೆಲಕ್ಕೆ ಬಿದ್ದ ದಾಳ

ಲಕ್ವ ಹೊಡೆದು ಬಲಗೈ ಸೋತ ಮೇಲೆ ವರ್ಲಿನ್ ತನ್ನ ಗೆಳತಿ ಮಾರ್ಲಿಸ್‌ಳ ಮನೆಯ ನೆಲಮಾಳಿಗೆಗೆ ಇಳಿದದ್ದು ಆ ಭಾನುವಾರವೇ ಮೊದಲು. ಹೊರಗೆ ವಿಸ್ಕಾನ್ಸಿನ್ನಿನ ಹಿಮ, ಒಳಗೆ ಕರಿದ ಚೀಸ್ ತುಂಡುಗಳ ಘಮ. ಕಾಲೇಜಿನ ದಿನಗಳಿಂದ ಇದೇ ಮೇಜು, ಇದೇ ಮೂವರು, ದಾಳ ಎಸೆದು ಕಥೆ ಕಟ್ಟುವ ಇದೇ ಆಟ. ಕಥೆ ನಡೆಸುವವಳು ಮಾರ್ಲಿಸ್. ಅದರೊಳಗೆ ವೀರರಾಗಿ ಗುಹೆಗೆ ನುಗ್ಗುವವರು ವರ್ಲಿನ್ ಮತ್ತು ಡ್ವೇನ್. ಆಸ್ಪತ್ರೆಯಲ್ಲಿ, ಚರ್ಚಿನಲ್ಲಿ ಎಲ್ಲರೂ ಮಗುವನ್ನು ಮಾತಾಡಿಸುವಂತೆ ಮಾತಾಡಿಸಿ ವರ್ಲಿನ್‌ಗೆ ಸಾಕುಸಾಕಾಗಿತ್ತು. ಇಲ್ಲಾದರೂ ಹಳೆಯ ವರ್ಲಿನ್ ಆಗಿರಬೇಕು, ಅಷ್ಟೇ ಅವನ ಆಸೆ.

ಹೊಸ ಕಥೆಗೆ ಹೊಸ ವೀರ ಬೇಕು. ವೀರನ ಬಲಕ್ಕೆ, ಬುದ್ಧಿಗೆ, ಚುರುಕಿಗೆ, ಒಂದೊಂದಕ್ಕೂ ಮೂರು ದಾಳ ಎಸೆದು, ಬಿದ್ದದ್ದನ್ನು ಕೂಡಿ ಬರೆದುಕೊಳ್ಳುವುದು ಈ ಮೇಜಿನ ಪದ್ಧತಿ. ಇವತ್ತು ಮಾರ್ಲಿಸ್ ದಾಳದ ಡಬ್ಬಿಯನ್ನೇ ತೆಗೆದಿರಲಿಲ್ಲ.

"ಈ ಸಲ ಅಂಕ ಹಂಚ್ಕೊಳ್ಳೋಣ. ಎಲ್ರಿಗೂ ಒಂದೇ ಮೊತ್ತ, ಯಾವುದಕ್ಕೆ ಎಷ್ಟು ಬೇಕೋ ಹಾಕ್ಕೊಳ್ಳಿ. ಜಗಳಾನೇ ಇಲ್ಲ," ಎಂದಳು.

"ಆಲೂಗಡ್ಡೆ ಆರಿಸೋ ಹಾಗೆ ವೀರನ್ನ ಆರಿಸೋದಾ?" ವರ್ಲಿನ್ ರೇಗಿದ. "ಹಣೇಲಿ ಬರೆದದ್ದು ಬರ್ಲಿ. ತೆಗಿ ಡಬ್ಬಿ."

ಎಡಗೈಯಲ್ಲಿ ಎಸೆಯಬಹುದಿತ್ತು, ಆದರೆ ಹಟಮಾರಿ, ಸೋತ ಕೈಯಲ್ಲೇ ಎಸೆದ. ವೀರನ ಬಲಕ್ಕೆಂದು ಎಸೆದಾಗ ಎರಡು ದಾಳ ಮೇಜಿನ ಮೇಲುಳಿದು, ಮೂರನೆಯದು ಉರುಳಿ ಕೆಳಗೆ ಬಿತ್ತು. ಡ್ವೇನ್ ಬಗ್ಗಿ ನೋಡಿ, "ಆರು!" ಎಂದ. ಬುದ್ಧಿಗೆಂದು ಎಸೆದಾಗಲೂ ಒಂದು ಕೆಳಗೆ ಬಿತ್ತು. ಮೇಜಿನಡಿಯಿಂದ ಮತ್ತೆ, "ಆರು!"

ವರ್ಲಿನ್‌ಗೆ ಸಂಕಟವಾಯಿತು. ನೆಲಕ್ಕೆ ಬಿದ್ದ ದಾಳ ಸತ್ತ ದಾಳ, ಮತ್ತೆ ಎಸೆಯಬೇಕು ಎಂಬ ಕಾನೂನು ಮಾಡಿದವನೇ ಡ್ವೇನ್. ತನ್ನ ಹೆಂಡತಿಯೇ ಆಡಲು ಬಂದಾಗ ಅವಳ ಆರನ್ನೂ ಹೀಗೇ ರದ್ದು ಮಾಡಿ, ವಾರವಿಡೀ ಸೋಫಾದ ಮೇಲೆ ಮಲಗಿದ ಭೂಪ.

"ಡ್ವೇನ್, ನೆಲಕ್ಕೆ ಬಿದ್ದ ದಾಳಕ್ಕೆ ಕಾನೂನು ಏನೋ?"

"ಇವತ್ತೊಂದಿನ ಪರ್ವಾಗಿಲ್ಲ ಬಿಡೋ."

"ನಾನು ಬದುಕಿ ಬಂದಿದ್ದೀನಿ ಕಣೋ. ಹೆಣದ ಮುಂದೆ ನಿಂತವರ ಹಾಗೆ ಒಳ್ಳೊಳ್ಳೆ ಮಾತಾಡ್ಬೇಡ. ನಿಜವಾಗಿ ಎಷ್ಟು ಬಿದ್ದಿತ್ತು?"

ಡ್ವೇನ್‌ನ ಕಿವಿ ಕೆಂಪಾಯಿತು. "ಎರಡು."

"ಎರಡನೇ ಸಲ?"

"ದಾಳ ಸಿಗ್ಲೇ ಇಲ್ಲ."

ಮಾರ್ಲಿಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತನ್ನ ಕಾಫಿ ಗುಟುಕರಿಸಿ ಮುಗಿಸಿ, ಖಾಲಿ ಲೋಟಕ್ಕೆ ಡಬ್ಬಿಯಿಂದ ಮೂರು ದಾಳ ಹಾಕಿ ವರ್ಲಿನ್ ಮುಂದಿಟ್ಟಳು. ಅವನು ಅದನ್ನು ಬಲಗೈಯಲ್ಲೇ ಎತ್ತಿದ. ನಡುಗುವ ಕೈ ದಾಳಗಳನ್ನು ತಾನೇ ಕುಲುಕಿಕೊಟ್ಟಿತು. ಬೋರಲು ಹಾಕಿ ಲೋಟ ತೆಗೆದ. ಒಂದು, ಒಂದು, ಎರಡು. ಬಲಕ್ಕೆ ನಾಲ್ಕು.

ಮಾರ್ಲಿಸ್ ಪೆನ್ಸಿಲ್ ಹಿಡಿದಳು, ಬರೆಯಲಿಲ್ಲ. ಡ್ವೇನ್ ತುಟಿ ಕಚ್ಚಿ ನೋಡಿದ, ತಡೆಯಲಾಗಲಿಲ್ಲ.

"ನಾಲ್ಕಾ! ನಿನ್ನ ವೀರ ಕತ್ತಿ ಎತ್ತೋದು ಹಾಗಿರ್ಲಿ, ಚಡ್ಡಿ ಎತ್ಕೊಳ್ಳೋಕೂ ಇಬ್ರು ಬೇಕು ಕಣೋ!"

ಆಡಿದ ಮೇಲೆ ತಾನು ಏನಂದೆನೆಂದು ಹೊಳೆದು ಅವನ ಮುಖ ಬಿಳುಚಿತು.

"ಆಸ್ಪತ್ರೇಲಿ ನಂಗೂ ಇಬ್ರು ನರ್ಸ್ ಬೇಕಾಗಿದ್ರು," ಎಂದ ವರ್ಲಿನ್. "ಅದರಲ್ಲೊಬ್ಬಳು ನಿನಗಿಂತ ಚೆನ್ನಾಗಿದ್ಲು."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ಲಿನ್‌ನ ಕಣ್ಣಲ್ಲಿ ನೀರು ಬಂತು. ಎಷ್ಟು ತಿಂಗಳಾಗಿತ್ತು, ಯಾರಾದರೂ ತನ್ನನ್ನು ಹೀಗೆ ಬೈದು! ಆಹಾ, ಮನೆಗೆ ಬಂದೆ ಎನ್ನಿಸಿತು.

"ಬರ್ಕೊಳ್ಳೇ ಮಾರ್ಲಿಸ್, ನಾಲ್ಕು," ಎಂದು ದಾಳಗಳನ್ನು ಲೋಟಕ್ಕೆ ತುಂಬಿಕೊಂಡ. "ಈಗ ಬುದ್ಧಿಗೆ."

"ಇಲ್ದೇ ಇರೋದಕ್ಕೆ ಯಾಕೋ ಸುಮ್ನೆ ದಾಳ ಎಸೀತೀಯ?" ಎಂದ ಡ್ವೇನ್.