ಚಿಲಕವಿಲ್ಲದ ಮನೆ

"ಮುಟ್ಟಬೇಡಿ!" ಮಗಳು ಚಾಲಕನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು.

ಶವದ ವ್ಯಾನಿನ ಚಾಲಕ ಬೆಪ್ಪಾದ. "ಮುಚ್ಚಳಕ್ಕೆ ಸ್ಕ್ರೂ ಹಾಕ್ದೆ ಹೇಗಮ್ಮಾ ಒಯ್ಯೋದು? ದಾರೀಲಿ ಜಾರಿಬಿದ್ರೆ?"

"ಬೀಳ್ಲಿ. ಸ್ಕ್ರೂ ಬೇಡ ಅಂದಿದ್ರು ಅಪ್ಪ. ಮಾತು ಕೊಟ್ಟಿದೀನಿ."

ಚಾಲಕ ಗೊಣಗುತ್ತ ವ್ಯಾನಿನ ಹತ್ತಿರ ಹೋದ.

ಪೆಟ್ಟಿಗೆಯಲ್ಲಿ ಮಲಗಿದ್ದ ಬಡಗಿಗೆ ಬದುಕಿದ್ದಾಗಲೂ ಮುಚ್ಚಿದ್ದೆಂದರೆ ಆಗುತ್ತಿರಲಿಲ್ಲ. ಕಂಡವರ ಬಾಗಿಲಿಗೆಲ್ಲ ಚಿಲಕ ಕೂರಿಸಿದವನ ಮನೆಯಲ್ಲಿ ಒಂದೂ ಚಿಲಕವಿರಲಿಲ್ಲ. ಬಂದ ನೆಂಟರು ಜೋರಾಗಿ ಹಾಡಿಕೊಂಡೇ ಸ್ನಾನ ಮುಗಿಸಬೇಕಿತ್ತು. ಮಗಳೂ ನಗುತ್ತಿದ್ದಳು, ಕಾರಣ ತಿಳಿಯುವವರೆಗೆ.

ಗೋಡೆಗೆ ಒತ್ತಿಕೊಂಡು ನಾಲ್ಕಾರು ಜನ ಕೂತಿದ್ದರು. ಒಂದು ಕಾಲಕ್ಕೆ ಬಡಗಿಯ ಜೊತೆ 'ಬೆಳಗಿನವರು' ಎಂಬ ಹೊಸ ಪಂಥದ ಸೂರಿನಡಿ ಉಂಡು ಮಲಗಿದವರು. ಪಂಥ ಮುರಿದುಬಿದ್ದು ಎಷ್ಟೋ ಕಾಲವಾಗಿದ್ದರೂ ದನಿ ತಗ್ಗಿಸಿ ಮಾತಾಡುವ ಅಭ್ಯಾಸ ಹೋಗಿರಲಿಲ್ಲ.

"ಪಾಪ, ನಮ್ಮ ಹಾಗೇ ಮೋಸ ಹೋದ," ಎಂದರು ನಿವೃತ್ತ ಟೀಚರಮ್ಮ. "ಗುರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ವಿ. ನಮ್ಮ ತಪ್ಪೇನಿತ್ತು ಅದರಲ್ಲಿ?"

"ಅಪ್ಪ ಹಾಗೆ ಹೇಳ್ತಿರಲಿಲ್ಲ, ಟೀಚರ್."

"ಅದಕ್ಕೇ ಅವನನ್ನ ಯಾರೂ ಹತ್ತಿರ ಸೇರಿಸ್ತಿರಲಿಲ್ಲ." ಟೀಚರಮ್ಮ ಬಾಗಿಲ ಕಡೆ ನೋಡಿದರು. "ಆ ಹುಡುಗನ ತಾಯಿಗೂ ಹೇಳಿಕಳಿಸಿದ್ಯಂತೆ?"

"ಹೌದು."



*

ಮನಸ್ಸಿನಲ್ಲಿ ಶಂಕೆ ಹುಟ್ಟಿದವರನ್ನು ಅದು ಇಳಿಯುವವರೆಗೆ ಕೋಣೆಯಲ್ಲಿ ಕೂಡಿಹಾಕುವುದು ಪಂಥದ ಪದ್ಧತಿ. ಆ ಕೋಣೆಯ ಬಾಗಿಲು ಮಾಡಿದ್ದು ಬಡಗಿಯೇ. ದಪ್ಪ ಹಲಗೆ, ಹೊರಗೆ ಚಿಲಕ. ಗುರು ಎಲ್ಲರೆದುರು ಬೆನ್ನು ತಟ್ಟಿದಾಗ ಅವನು ಉಬ್ಬಿಹೋಗಿದ್ದ.

ಅಮ್ಮನ ಹತ್ತಿರ ಹೋಗುತ್ತೇನೆಂದ ಒಬ್ಬ ಯುವಕನನ್ನು ಒಳಗೆ ಕಳಿಸಿದ ದಿನ ಕಾವಲು ಬಡಗಿಯದು. ಬಾಗಿಲಿಗೆ ಬೆನ್ನು ಕೊಟ್ಟು, ಮಂಡಿಗಳ ಮೇಲೆ ಅಂಗೈ ಊರಿ, ಸ್ಟೂಲಿನ ಮೇಲೆ ಕೂತಿರಬೇಕು. ಅದೇ ನಿಯಮ.

ಒಳಗಿಂದ ಬಡಿತ ಶುರುವಾಯಿತು.

"ಬಡೀತಿರೋದು ಅವನಲ್ಲ, ಅವನೊಳಗಿನ ಶಂಕೆ," ಎಂದು ಗುರು ಹೊರಟುಹೋದ. ಪಕ್ಕದ ಊಟದ ಮನೆಯಲ್ಲಿ ಉಳಿದವರು ತಟ್ಟೆಯಿಂದ ತಲೆಯೆತ್ತಲಿಲ್ಲ. ಯುವಕನಿಗೆ ಉಬ್ಬಸವಿರುವುದು ಬಡಗಿಗೆ ಗೊತ್ತಿತ್ತು. ಬಡಿತ ಮೆತ್ತಗಾಯಿತು. ಶಂಕೆ ಇಳಿಯುತ್ತಿದೆ ಅಂದುಕೊಂಡ. ಕೊನೆಗೆ ಬಡಿತ ನಿಂತಾಗ ಅವನಿಗೆ ನಿಜವಾಗಿಯೂ ಸಂತೋಷವಾಯಿತು.

*

ಯುವಕನ ತಾಯಿ ಬಂದಳು. ಒಳಗೆ ಕಾಲಿಟ್ಟವಳೇ ಬಾಗಿಲನ್ನು ಹಿಂದಕ್ಕೆ ತಳ್ಳಿ ಮುಚ್ಚಿದಳು. ಬಡಗಿಯ ಮುಖವನ್ನು ತುಂಬ ಹೊತ್ತು ನೋಡಿದಳು.

"ಬಾಗಿಲು ದಪ್ಪ, ಏನೂ ಕೇಳಿಸಲಿಲ್ಲ ಅಂತ ನಿನ್ನಪ್ಪ ಕೋರ್ಟಲ್ಲಿ ಹೇಳಿದ. ಇವರೂ ಎಲ್ಲ ಅದನ್ನೇ ಹೇಳಿದ್ರು. ನಿಜಾನಾ?"

ಟೀಚರಮ್ಮ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದರು. ಸತ್ತವನಿಗೋಸ್ಕರ ಒಂದು ಸುಳ್ಳು ಹೇಳಿದರೆ ಯಾರ ಗಂಟು ಹೋಗುತ್ತದೆ ಎಂದು ಮಗಳಿಗೆ ಒಂದು ಗಳಿಗೆ ಅನ್ನಿಸಿತು.

"ಸುಳ್ಳು," ಎಂದಳು. "ಕೇಳಿಸಿತ್ತಂತೆ. ಕೊನೇವರೆಗೂ. ಇಲ್ಲಿರೋರಿಗೆಲ್ಲ ಕೇಳಿಸಿತ್ತಂತೆ. ಅಪ್ಪ ಇವರ ಹತ್ರ ಎಷ್ಟೋ ಸಲ ಹೇಳಿದ್ರು, ಹೋಗಿ ಒಪ್ಕೊಳ್ಳೋಣ ಅಂತ. ನಿಮ್ಮೆದುರು ಒಬ್ಬರೇ ನಿಲ್ಲೋ ಧೈರ್ಯ ಅವರಿಗೆ ಬರಲೇ ಇಲ್ಲ."

ತಾಯಿ ಅಳಲಿಲ್ಲ. ಕೈ ಚಾಚಿದಳು.

"ಅದನ್ನ ಕೊಡು."

ಮಗಳು ಸ್ಕ್ರೂಡ್ರೈವರನ್ನು ಎದೆಗೆ ಒತ್ತಿ ಹಿಡಿದಳು. ಮಾತು ಕೊಟ್ಟವಳು ಅವಳು. ಚಾಚಿದ ಕೈ ಹಾಗೇ ಇತ್ತು. ಕಡೆಗೆ ಕೊಟ್ಟಳು.

ತಾಯಿ ಮುಚ್ಚಳ ಎಳೆದು, ಆತುರವಿಲ್ಲದೆ ಎಲ್ಲ ಸ್ಕ್ರೂಗಳನ್ನೂ ಬಿಗಿದಳು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲು ತಂದು, ಪೆಟ್ಟಿಗೆಗೆ ಬೆನ್ನು ಕೊಟ್ಟು, ಮಂಡಿಗಳ ಮೇಲೆ ಅಂಗೈ ಊರಿ ಕೂತಳು. ಕಾವಲಿನವರು ಹೇಗೆ ಕೂರುತ್ತಿದ್ದರೆಂದು ಕೋರ್ಟಿನಲ್ಲಿ ಕೇಳಿದ್ದನ್ನು ಅವಳು ಮರೆತಿರಲಿಲ್ಲ.

ಹೊತ್ತಾಯಿತೆಂದು ಚಾಲಕ ಹೊರಗಿನಿಂದ ಬಾಗಿಲು ತಟ್ಟಿದ. ಗೋಡೆಗೆ ಒತ್ತಿಕೊಂಡವರಲ್ಲಿ ಒಬ್ಬರೂ ಏಳಲಿಲ್ಲ.

ಅವನು ಮತ್ತೆ ತಟ್ಟಿದ, ಮೊದಲಿಗಿಂತ ಮೆತ್ತಗೆ.