ಸಂಜೆ ಐದರ ರೊಟ್ಟಿ

ತಾಮ್ರದ ತಂತಿ ಮತ್ತೆ ಬೆರಳಿನಿಂದ ಜಾರಿತು. ಉಳವಪ್ಪ ಸುರುಳಿಯನ್ನು ತನ್ನ ಅಂಗಡಿಯ ಬೆಂಚಿನ ಮೇಲಿಟ್ಟು ತನ್ನ ಕೈ ನೋಡಿಕೊಂಡ. ಬಲಗೈಯ ಹೆಬ್ಬೆರಳು ತಾನಾಗಿಯೇ ಅಲುಗುತ್ತಿತ್ತು, ಬೇರೆ ಯಾರದೋ ಬೆರಳಿನ ಹಾಗೆ. ಮನೋಳಿಯಿಂದ ಬಂದ ಪಂಪಿನ ಮೋಟರು ಎದುರಿಗೆ ಬಿಚ್ಚಿಕೊಂಡು ಬಿದ್ದಿತ್ತು. ಹೊಳೆ ಏರಿದಾಗ ನೀರು ಹೊಕ್ಕು ಸುಟ್ಟ ಮೋಟರು. ಹಳೆಯ ತಂತಿ ಕಿತ್ತು ಹೊಸದನ್ನು ತುಂಬುವ ಕೆಲಸ ಮಧ್ಯಾಹ್ನದಿಂದ ಅರ್ಧಕ್ಕೇ ನಿಂತಿತ್ತು. ಮೂಲೆಯ ಡಬರಿಯಲ್ಲಿದ್ದ ವಾರ್ನಿಶ್ಶಿನ ಘಾಟು ಮೂಗಿಗೆ ಬಡಿಯಿತು. ದಿನಾ ಇರುವ ವಾಸನೆಯೇ. ಇವತ್ತು ಅದು ಬಾಯಲ್ಲಿ ನೀರು ತರಿಸಿತು. ಅವನು ಎದ್ದು ಡಬರಿಯ ಮೇಲೆ ಒಂದು ತಗಡು ಮುಚ್ಚಿದ.

ಬೆಳಗಿನಿಂದ ಹೊಟ್ಟೆಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಶ್ರಾವಣದ ನಾಲ್ಕನೆಯ, ಕೊನೆಯ ಸೋಮವಾರ. ದೀಪ ಹಚ್ಚುವ ಹೊತ್ತಿಗೆ ಸಿರಸಂಗಿಯಿಂದ ಹೆಂಡತಿ ನಾಗರತ್ನಾ ಮತ್ತು ಅವಳ ಅಣ್ಣ ಪರಸಪ್ಪ ಬರುವವರಿದ್ದರು. ಹೋಳಿಗೆ ತರುತ್ತಾರೆ. ಅವಳ ಕೈಯಿಂದ ಉಪವಾಸ ಬಿಟ್ಟರೆ ಅವಳು ಇಲ್ಲೇ ಉಳಿಯುತ್ತಾಳೆ. ಮಾತು ಹಾಗೆ ಆಗಿತ್ತು.

ಅವಳು ತವರಿಗೆ ಹೋಗಿ ವರ್ಷದ ಮೇಲಾಗಿತ್ತು. ಉಗಾದಿಗೆ ಉಳವಪ್ಪ ಕುಡಿಯುವುದನ್ನು ಬಿಟ್ಟ. ಯಾರೂ ನಂಬಲಿಲ್ಲ. ಆಷಾಢ ಮುಗಿಯುತ್ತಲೇ ಕರೆಯಲು ಹೋದಾಗ ಪರಸಪ್ಪ ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತ ಕೇಳಿದ್ದ: "ಮುಟ್ಟಿಲ್ಲ ಅಂತೀ. ಯಾಂವ ನೋಡ್ಯಾನ?"

"ನಾನ ಹೇಳಾಕತ್ತೇನಲ್ಲ ಪರಸಣ್ಣ."

"ನೀ ಹೇಳೂದು ಮದಿವ್ಯಾದಾಗಿಂದ ಕೇಳೇವಿ. ಹೊಟ್ಟಿ ಕಟ್ಟಾಕ ಬರಲಾರದವಗ ಬಾಟ್ಲಿ ಬಿಡಾಕ ಬರತೈತೇನು? ಶ್ರಾವಣದ ಸೋಮವಾರ ಅಷ್ಟೂ ಉಪಾಸ ಮಾಡು. ಸಾಬುದಾಣಿ ತಿಂದೆ, ಬಾಳಿಹಣ್ಣ ತಿಂದೆ, ಚಹಾ ಕುಡದೆ ಅನ್ನಂಗಿಲ್ಲ. ನಮ್ಮಪ್ಪ ಮಾಡತಿದ್ದ ಹಂಗ. ದೀಪಾ ಹಚ್ಚೂತನಕ ಬರೀ ನೀರು. ಅಷ್ಟ ಮಾಡಿದ್ರ ನಾನ ಕರಕೊಂಡ ಬಂದ ಬಿಡತೇನಿ."

ಕಾಳಮ್ಮನ ಗುಡಿಯ ಮೆಟ್ಟಿಲು ಮುಟ್ಟಿ ಉಳವಪ್ಪ ಒಪ್ಪಿಕೊಂಡಿದ್ದ. ನಾಗರತ್ನಾ ಕಂಬದ ಹತ್ತಿರ ನಿಂತಿದ್ದಳು. ಅವಳು ನೋಡುತ್ತಿದ್ದುದು ಅವನ ಮುಖವನ್ನಲ್ಲ, ಕೈಯನ್ನು.

ಪಕ್ಕದ ಬ್ಯಾಟರಿ ಅಂಗಡಿಯ ಖಾಸಿಮಸಾಬ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. "ಚಹಾಕ್ಕ ಕರ್ಯಾಕ ಬಂದಿಲ್ಲಪಾ. ಮಾರಿ ನೋಡಿ ಹೋದ್ರಾತಂತ ಬಂದೆ."

"ನೋಡ್ರಿ ಕಾಕಾ. ಐತಿ ಇನ್ನೂ."

"ಇದ್ದಂಗ ಕಾಣೂದಿಲ್ಲ." ಖಾಸಿಮಸಾಬ ಬೆಂಚಿನ ತುದಿಗೆ ಕುಂತ. "ರೋಜಾದಾಗ ನನಗೂ ಇದ ಹೊತ್ತಿನ್ಯಾಗ ಹಿಂಗ ಆಗತೈತಿ. ಹಸಿವಿ ಅನಸೂದಿಲ್ಲ, ಬೀಡಿ ಬೇಕನಸತೈತಿ. ನಮ್ಮಾಕಿ ಜುಬೇದಾ ಏನರ ಅಂದ್ರ ಮೈಮ್ಯಾಲೆ ಹೋಗತೇನಿ. ಮೊದಲ ಖಜೂರಾ ಬಾಯಾಗ ಹಾಕ್ಕೋ, ಆಮ್ಯಾಲ ಬೈ ಅಂತಾಳ. ಖಜೂರಾ ತಿಂದ ಮ್ಯಾಲ ಯಾಕ ಬೈಯಾಕತ್ತಿದ್ದೆ ಅನ್ನೂದ ಮರತಿರತೈತಿ."

ಉಳವಪ್ಪ ನಗಲು ಹೋದ. ಒಣಗಿದ ತುಟಿ ಬಿರಿಯಿತು.

"ಇವತ್ತ ಆ ಕಡೆ ಹೋಗಬ್ಯಾಡ," ಎಂದು ಖಾಸಿಮಸಾಬ ಬೆಳಗಾವಿ ರಸ್ತೆಯ ಕಡೆ ಗದ್ದದಿಂದ ತೋರಿಸಿ ಎದ್ದು ಹೋದ. ಗಿರಾಕಿ ಕರೆಯುತ್ತಿದ್ದ.

ಎರಡನೆಯ ಸೋಮವಾರದ ವಿಷಯ ಊರಲ್ಲಿ ಗೊತ್ತಿದ್ದುದು ಖಾಸಿಮಸಾಬನೊಬ್ಬನಿಗೇ. ಅಂದು ಇದೇ ಹೊತ್ತಿಗೆ ಉಳವಪ್ಪನ ಕೈ ನಡುಗಿತ್ತು, ತಲೆಯೊಳಗೆ ಒಂದೇ ಮಾತು ಗುಂಯ್ಗುಟ್ಟಿತ್ತು, ಕಾಲು ತಾವೇ ಬಾರಿನ ದಾರಿ ಹಿಡಿದಿದ್ದವು. ಒಂದು ಕ್ವಾರ್ಟರ್ ಹಾಕಿ ಬಂದ. ಅನ್ನದ ಅಗುಳು ಮುಟ್ಟಿರಲಿಲ್ಲ. ದೀಪ ಹಚ್ಚಿದ ಮೇಲೆ ನಾಗರತ್ನಾ ಫೋನು ಮಾಡಿ, "ಬಾಯಾಗ ಏನರ ಹಾಕ್ಕೊಂಡೀರೇನು?" ಎಂದು ಕೇಳಿದಳು. "ಇಲ್ಲ, ಏನೂ ಹಾಕಿಲ್ಲ," ಎಂದ. ಮಾತು ಸಲೀಸಾಗಿ ಬಂತು. ಅವಳು ಆ ಕಡೆ ಮೂಗು ಏರಿಸಿದ ಸದ್ದು ಕೇಳಿಸಿತು. ನಂಬಿ ಅತ್ತಿದ್ದಳು.

ಮರುದಿನವೇ ಅವನು ಸವದತ್ತಿಯ ದವಾಖಾನೆಗೆ ಹೋದ. ಡಾಕ್ಟರ್ ಫಿರದೋಸ್ ಅವನಿಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳು ಬೈಯಲಿಲ್ಲ. ಯಾವ ಹೊತ್ತಿಗೆ ಆಸೆ ಆಗುತ್ತದೆ, ಅದಕ್ಕೆ ಮೊದಲು ಏನು ತಿಂದಿದ್ದೆ ಎಂದಷ್ಟೇ ಕೇಳಿದಳು. ಅವನಿಗೆ ನೆನಪು ಮಾಡಿಕೊಳ್ಳುವುದು ಕಷ್ಟವಾಯಿತು. ನಾಗರತ್ನಾ ಹೋದ ಮೇಲೆ ಊಟ ಎಂಬುದು ಚಹಾ, ಪಾರ್ಲೆ, ಒಮ್ಮೊಮ್ಮೆ ಖಾನಾವಳಿ.

"ನಿಮಗ ಹಸಿವಿ ಆಗಿರತೈತಿ," ಎಂದಳು ಡಾಕ್ಟರು. "ತಲಿ ಅದನ್ನ ಕುಡೀಬೇಕು ಅಂತ ತಿಳಕೋತೈತಿ. ವರ್ಷಗಟ್ಟಲೆ ಹೊಟ್ಟಿ ಖಾಲಿ ಆದಾಗೆಲ್ಲ ಅದನ್ನ ಹಾಕೀರಲ್ಲ, ಅದಕ್ಕ ಬ್ಯಾರೆ ಏನೂ ಗೊತ್ತಿಲ್ಲ. ಎಲ್ಲಾರಿಗೂ ಹಿಂಗ ಅಂತ ನಾ ಖಾತ್ರಿ ಕೊಡೂದಿಲ್ಲ. ನಿಮಗ ಹಿಂಗ ಇದ್ದಂಗ ಕಾಣತೈತಿ. ಸಂಜೀ ಐದಕ್ಕ, ಆಸೆ ಬರೂಕಿಂತ ಮೊದಲ, ರೊಟ್ಟಿ ತಿನ್ನರಿ. ಕಾಳು, ಮೊಸರು, ಶೇಂಗಾ. ಮತ್ತ ಈ ಗುಳಿಗಿ."

"ಸೋಮವಾರ ಉಪಾಸ ಐತ್ರಿ."

"ಮಾಡಬ್ಯಾಡ್ರಿ."

ಇದನ್ನು ಅವನು ಪರಸಪ್ಪನಿಗೆ ಫೋನಿನಲ್ಲಿ ಹೇಳಿ ನೋಡಿದ್ದ. ಎರಡನೆಯ ಸೋಮವಾರದ ಮಾತು ಬಿಟ್ಟು ಉಳಿದದ್ದು. ಪರಸಪ್ಪ ನಕ್ಕಿದ್ದ. "ನಿನ್ನಂತಾವರು ಎಲ್ಲಾ ಕಡೆ ಒಂದ ಕಿಂಡಿ ಹುಡುಕತೀರಿ ನೋಡು." ಮೂರನೆಯ ಸೋಮವಾರ ಉಳವಪ್ಪ ಅಂಗಡಿ ತೆರೆಯದೆ ತಾನಿರುವ ಹಿಂದಿನ ಕೋಣೆಯಲ್ಲಿ ಮುಸುಕು ಹಾಕಿ ಮಲಗಿ ಕಳೆದ. ಉಳಿದ ದಿನ ಡಾಕ್ಟರು ಹೇಳಿದ ಹಾಗೆ ತಿಂದ. ಉಳಿದ ದಿನ ಕೈ ನಡುಗಲಿಲ್ಲ.

ಈಗ ಅವನು ಚಪ್ಪಲಿ ಮೆಟ್ಟಿ ಹೊರಗೆ ಬಂದ. ಗಾಳಿ ತೆಗೆದುಕೊಳ್ಳಲು ಎಂದುಕೊಂಡ. ಬಸ್‌ಸ್ಟ್ಯಾಂಡ್ ದಾಟಿದಾಗ ಗಾಳಿಗಲ್ಲ ಎಂದು ಅವನಿಗೆ ಗೊತ್ತಾಯಿತು. ಬಾರಿನ ಕಿಟಕಿಗೆ ಬಡಿದಿದ್ದ ಹಸಿರು ಜಾಲರಿ ಕಾಣುತ್ತಿತ್ತು. ಒಂದು ಪಾಕೀಟು. ಏಲಕ್ಕಿ ಅಗಿದರೆ ವಾಸನೆ ತಿಳಿಯುವುದಿಲ್ಲ. ಉಪವಾಸ ಉಪವಾಸವಾಗಿಯೇ ಉಳಿಯುತ್ತದೆ. ಬೆಳಗಾವಿಯ ಬಸ್ಸು ಕೆಸರು ಸಿಡಿಸುತ್ತ ಹೋಯಿತು. ಅವನು ಅಂಗಿಯ ಮೇಲಿನ ಕೆಸರು ಒರೆಸಿಕೊಳ್ಳುತ್ತ ನಿಂತ. ಒರೆಸಿ ಮುಗಿದ ಮೇಲೂ ನಿಂತೇ ಇದ್ದ. ಆಮೇಲೆ ತಿರುಗಿ ಸರಸರ ನಡೆದು ಬಂದು ಅಂಗಡಿಯ ಶಟರು ಅರ್ಧ ಎಳೆದುಕೊಂಡ.

ಡಬ್ಬಿಯಲ್ಲಿ ಖಾನಾವಳಿಯಿಂದ ತಂದಿಟ್ಟಿದ್ದ ಖಡಕ್ ರೊಟ್ಟಿ ಇದ್ದವು. ಶೇಂಗಾ ಚಟ್ನಿಪುಡಿಗೆ ಮೊಸರು ಕಲಸಿದ. ಉಳ್ಳಾಗಡ್ಡಿಯನ್ನು ಬೆಂಚಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದ. ನೆಲದ ಮೇಲೆ ಕೂತು, ರಸ್ತೆಗೆ ಬೆನ್ನು ಹಾಕಿ, ಎರಡು ರೊಟ್ಟಿ ತಿಂದ. ರೊಟ್ಟಿ ಮುರಿಯುವ ಸದ್ದು ಅವನಿಗೆ ಬಹಳ ದೊಡ್ಡದಾಗಿ ಕೇಳಿಸಿತು. ತಟ್ಟೆ ತೊಳೆದು ಬೆಂಚಿನ ಕೆಳಗೆ ಬೋರಲು ಹಾಕಿದ.

ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನ ಅಲುಗಾಟ ನಿಂತಿತು. ಶಟರು ಎತ್ತಿ ಮತ್ತೆ ಕೆಲಸಕ್ಕೆ ಕುಂತ. ತಂತಿ ಒಂದರ ಪಕ್ಕ ಒಂದು ಸರಿಯಾಗಿ ಕೂರತೊಡಗಿತು.

ಅವರು ಬೈಕಿನ ಮೇಲೆ ಬಂದರು. ನಾಗರತ್ನಾ ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಇಳಿದಳು. ಚೀಲ ಉಬ್ಬಿತ್ತು. ಪರಸಪ್ಪ ಗುಡಿಯ ಭಂಡಾರದ ಪುಡಿಕೆ ತೆಗೆದು ಅರಿಶಿನವನ್ನು ಉಳವಪ್ಪನ ಹಣೆಗೆ ಹಚ್ಚಿದ.

"ಶಾಣ್ಯಾ ಆದಿ ಉಳವಪ್ಪಾ. ಖರೇ ಹೇಳತೇನಿ, ನಾ ಅರ್ಧಾ ಶ್ರಾವಣಕ್ಕ ಬೀಳತೀ ಅಂತ ತಿಳಿದಿದ್ದೆ."

ನಾಗರತ್ನಾ ಹಿಂದಿನ ಕೋಣೆಯ ಗೋಡೆಗೂಡಿನಲ್ಲಿ ದೀಪ ಹಚ್ಚಿ ಬಂದಳು. ಡಬ್ಬಿ ಇಡುವಾಗ ಅವನ ಹತ್ತಿರಕ್ಕೆ ಬಾಗಿ ಒಮ್ಮೆ ಉಸಿರು ಒಳಗೆ ಎಳೆದುಕೊಂಡಳು. ಆ ಉಸಿರು ಅವನಿಗೆ ಗೊತ್ತಿತ್ತು. ಸಂಸಾರ ಮಾಡಿದಷ್ಟೂ ದಿನ ಅವಳು ಸಂಜೆಯ ಹೊತ್ತು ಹಾಗೆಯೇ ಬಾಗುತ್ತಿದ್ದಳು. ಹಸಿ ಉಳ್ಳಾಗಡ್ಡಿಯ ವಾಸನೆಗೆ ಉಸಿರು ನಡುವೆಯೇ ನಿಂತಿತು. ಅವಳ ಕಣ್ಣು ಬೆಂಚಿನ ಮೇಲಿನ ಉಳ್ಳಾಗಡ್ಡಿ ಸಿಪ್ಪೆಗೆ ಹೋಯಿತು, ಅಲ್ಲಿಂದ ಕೆಳಗಿನ ಹಸಿ ತಟ್ಟೆಗೆ. ಸೆರಗಿನಿಂದ ಬೆಂಚು ಒರೆಸುವವಳ ಹಾಗೆ ಸಿಪ್ಪೆ ಕೆಳಗೆ ಕೆಡವಿ, ಡಬ್ಬಿಯ ಮುಚ್ಚಳ ತೆಗೆಯತೊಡಗಿದಳು.

"ತಡಿಯವಾ," ಎಂದ ಪರಸಪ್ಪ. "ಮೊದಲ ಅಂವ ಹೇಳಲಿ. ಕಾಳವ್ವನ ಹೆಸರ್ಲೆ ಹೇಳು, ಬಾಯಾಗ ಏನೂ ಹಾಕಿಲ್ಲಂತ."

"ಹಾಕಿಲ್ಲ ಬಿಡೋ ಯಣ್ಣಾ. ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನು?"

"ಅಂವ ಹೇಳಲಿ."

ಅವಳು ಮುಚ್ಚಳ ಹಿಡಿದೇ ಉಳವಪ್ಪನನ್ನು ನೋಡಿದಳು. ಹೇಳು ಎಂದು ನೋಡಿದಳು. ಫೋನಿನಲ್ಲಿ ಹೇಳಿದ್ದ ಅದೇ ಮಾತು. ಅವನು ಬೆಂಚಿನ ಕೆಳಗಿನ ತಟ್ಟೆ ನೋಡಿದ.

"ರೊಟ್ಟಿ ತಿಂದೇನಿ," ಎಂದ.

"ಏನಂದಿ?"

"ಐದಕ್ಕ. ತಿನ್ನದಿದ್ರ ಕುಡೀತಿದ್ದೆ, ಪರಸಣ್ಣ. ಎರಡನೇ ಸೋಮವಾರ ತಿಂದಿದ್ದಿಲ್ಲ. ಅವತ್ತ ಕುಡದೆ."

ಪರಸಪ್ಪ ಕೂಗಾಡಲಿಲ್ಲ. ಭಂಡಾರದ ಪುಡಿಕೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. "ಕುಡದೂ ಕುಡದಿ, ತಿಂದೂ ತಿಂದಿ. ಮೆಟ್ಟಲಾ ಮುಟ್ಟಿ ಆಣಿ ಮಾಡಿದ್ದಿ." ತಂಗಿಯ ಕಡೆ ತಿರುಗಿದ. "ಚೀಲಾ ತಗೋ ನಾಗೂ."

ನಾಗರತ್ನಾ ಮುಚ್ಚಳವನ್ನು ಮತ್ತೆ ಒತ್ತಿ ಹಾಕಿದಳು. "ಇವತ್ತ?" ಎಂದು ಗಂಡನನ್ನು ಕೇಳಿದಳು.

"ಇವತ್ತ ಇಲ್ಲ."

"ಅದು ಗೊತ್ತಾತು. ಸುಮ್ಮ ಇರಾಕ ಬರತಿದ್ದಿಲ್ಲ ನಿಮಗ?" ಅವಳ ದನಿಯಲ್ಲಿ ಸಿಟ್ಟಿತ್ತು. ಚೀಲ ಎತ್ತಿಕೊಂಡಳು.

ಪರಸಪ್ಪ ಬೈಕ್ ಚಾಲೂ ಮಾಡಿದ. "ಡಬ್ಬಿ?"

"ಇರಲಿ ಬಿಡು," ಎಂದಳು, ಹಿಂದೆ ನೋಡದೆ. "ನಾಳೆ ಐದಕ್ಕ ತಿನ್ನಾಕ ಬೇಕಾಗತೈತಿ."

ಬೈಕು ಸಿರಸಂಗಿಯ ಕಡೆ ಹೊರಳಿತು. ಚೀಲ ಅವಳ ತೊಡೆಯ ಮೇಲಿತ್ತು. ಖಾಸಿಮಸಾಬ ತನ್ನ ಬಾಗಿಲಿಗೆ ಬಂದು ನೋಡಿ ಒಳಗೆ ಹೋದ.

ಉಳವಪ್ಪನಿಗೆ ಹಸಿವಿರಲಿಲ್ಲ. ಬೋರಲು ಹಾಕಿದ್ದ ತಟ್ಟೆ ತೆಗೆದು ಅದರಲ್ಲಿ ನೀರು ಹಾಕಿ, ಇರುವೆ ಹತ್ತದಂತೆ ಡಬ್ಬಿಯನ್ನು ನಡುವೆ ಇಟ್ಟ. ಬೆಲ್ಲದ ವಾಸನೆ ಆಗಲೇ ಹರಡಿತ್ತು. ಗೋಡೆಯ ಸಂದಿಯಿಂದ ಒಂದು ಕೆಂಪಿರುವೆ ಇಳಿದು ಬಂದು, ತಟ್ಟೆಯ ಅಂಚು ಏರಿ, ನೀರಿನ ಎದುರು ನಿಂತಿತು. ಆಮೇಲೆ ಅಂಚಿನ ಮೇಲೆಯೇ ಸುತ್ತತೊಡಗಿತು. ಅವನು ತಂತಿಯ ಸುರುಳಿ ಕೈಗೆತ್ತಿಕೊಂಡು, ಅದು ಒಂದು ಸುತ್ತು ಮುಗಿಸುವುದನ್ನು ನೋಡುತ್ತ ಕುಂತ.